ಸೆಲೆನಿಯಂ ಬಾಟಲಿ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಹೋದ ತಿಂಗಳು ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಬಾಟಲಿ ಫೋಟೋ ಬಂತು. ಸೆಲೆನಿಯಂ ಸ್ಪ್ರೇ ಅಂತೆ. ರಾಗಿಗೆ ಎರಡು ಸಲ ಹೊಡೆದು, ಕ್ಯಾನ್ಸರ್ ತಡೆಯೋ ರಾಗಿ ಅಂತ ಡಬಲ್ ರೇಟಿಗೆ ಮಾರಬಹುದಂತೆ. ಕೆಳಗೆ ಒಬ್ಬ ಹುಡುಗ ಕೇಳಿದ್ದ, "ಅಣ್ಣಾ, ತಗೋಬಹುದಾ?" ಬೇಡ ಅಂತ ಬರೆದೆ. ಯಾಕೆ ಬೇಡ ಅಂತ ಇಲ್ಲಿ ಹೇಳ್ತೀನಿ, ಯಾಕಂದ್ರೆ ಇಂಥದ್ದೇ ತಪ್ಪನ್ನ ನಾನು ನಮ್ಮ ಮನೇಲೇ ಮಾಡಿದ್ದೆ.

ಅಪ್ಪನಿಗೆ ಶುಗರ್ ಶುರುವಾಗೋ ಹಂತದಲ್ಲಿದೆ ಅಂತ ಡಾಕ್ಟ್ರು ಹೇಳಿದ್ರು. ನಾನು ಯಾವುದೋ ವಿಡಿಯೋ ನೋಡಿ, ದಿನಕ್ಕೆ 200 ಮೈಕ್ರೋಗ್ರಾಂನ ಸೆಲೆನಿಯಂ ಮಾತ್ರೆ ತರಿಸಿ ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಡಾಕ್ಟ್ರು ಆ ಡಬ್ಬಿ ನೋಡಿ, "ಇದನ್ನ ಯಾರು ಬರೆದುಕೊಟ್ರು?" ಅಂದ್ರು. ಅಪ್ಪ ನನ್ನ ಕಡೆ ನೋಡಿದ್ರು. ತೋಟಗಾರಿಕೆ ಡಿಗ್ರಿ ಮಾಡಿದ ನಾನು ತಲೆ ತಗ್ಗಿಸಿ ಕೂತೆ. ಮನೆಗೆ ಬಂದ ಮೇಲೆ ಈ ವಿಷಯವನ್ನ ಸರಿಯಾಗಿ ಓದೋಕೆ ಶುರು ಮಾಡಿದೆ.

ಸೆಲೆನಿಯಂ ನಮ್ಮ ದೇಹಕ್ಕೆ ಬೇಕೇ ಬೇಕು. ಥೈರಾಯ್ಡ್ ಹಾರ್ಮೋನು ಕೆಲಸ ಮಾಡೋಕೆ, ಜೀವಕೋಶಗಳ ರಕ್ಷಣೆಗೆ ಇದರ ಅಗತ್ಯ ಇದೆ. ಆದ್ರೆ ಎಷ್ಟು? ಐಸಿಎಂಆರ್ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 40 ಮೈಕ್ರೋಗ್ರಾಂ. ಅಮೆರಿಕದಲ್ಲಿ 55. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ 255 ಮೈಕ್ರೋಗ್ರಾಂ ದಾಟಬಾರದು ಅಂತ ಮಿತಿ ಹಾಕಿದೆ. ಬೇಕಾದ್ದಕ್ಕೂ ಹೆಚ್ಚಾದ್ದಕ್ಕೂ ನಡುವಿನ ಅಂತರ ಇಷ್ಟೇ.

ಶುಂಠಿ ಮಡಿಗೆ ನೀರು ಕೊಟ್ಟ ಹಾಗೆ ಇದು. ಕಮ್ಮಿಯಾದ್ರೆ ಬಾಡುತ್ತೆ, ಜಾಸ್ತಿಯಾದ್ರೆ ಗೆಡ್ಡೆ ಕೊಳೆಯುತ್ತೆ. ಚೀನಾದ ಕೆಶಾನ್ ಪ್ರದೇಶದ ಮಣ್ಣಲ್ಲಿ ಸೆಲೆನಿಯಂ ತೀರಾ ಕಡಿಮೆ. ಅಲ್ಲಿ ಮಕ್ಕಳು, ಹೆಂಗಸರು ಹೃದಯದ ಸ್ನಾಯು ದುರ್ಬಲವಾಗಿ ಸಾಯ್ತಿದ್ರು. ಆ ಕಾಯಿಲೆಗೆ ಊರಿನ ಹೆಸರೇ ಬಂತು. ನಮ್ಮದೇ ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಭಾಗದ ಕೆಲವು ಹಳ್ಳಿಗಳಲ್ಲಿ ಇದರ ಉಲ್ಟಾ. ಮಣ್ಣಲ್ಲಿ ಸೆಲೆನಿಯಂ ಹೆಚ್ಚು. ಆ ಮಣ್ಣಿನ ಮೇವು ತಿಂದ ಎಮ್ಮೆ-ದನಗಳ ಗೊರಸು ಕಳಚಿವೆ, ಜನರಿಗೆ ಕೂದಲು ಉದುರಿ ಉಗುರು ಕೆಟ್ಟಿದೆ.

ಹಾಗಾದ್ರೆ ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ಅಮೆರಿಕದಲ್ಲಿ 1,312 ಜನರಿಗೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಅಥವಾ ಖಾಲಿ ಮಾತ್ರೆ ಕೊಟ್ಟ ಅಧ್ಯಯನ 1996ರಲ್ಲಿ ಪ್ರಕಟವಾಯ್ತು. ತಡೆಯೋಕೆ ಹೊರಟಿದ್ದ ಚರ್ಮದ ಕ್ಯಾನ್ಸರ್ ತಡೆಯಲಿಲ್ಲ, ಬೇರೆ ಕೆಲವು ಕ್ಯಾನ್ಸರ್ ಕಡಿಮೆ ಕಂಡವು. ಎಲ್ಲರೂ ಕುಣಿದಾಡಿದ್ರು. ಆಮೇಲೆ 35,000ಕ್ಕೂ ಹೆಚ್ಚು ಗಂಡಸರ ಮೇಲೆ ದೊಡ್ಡ ಪ್ರಯೋಗ ಮಾಡಿದ್ರು. ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆಯಾಗದೆ 2008ರಲ್ಲಿ ಮಾತ್ರೆ ನಿಲ್ಲಿಸಿದ್ರು. ಅಷ್ಟೇ ಅಲ್ಲ, ಆ ಮೊದಲಿನ 1,312 ಜನರ ಲೆಕ್ಕವನ್ನ 2007ರಲ್ಲಿ ಮತ್ತೆ ನೋಡಿದಾಗ, ಸೆಲೆನಿಯಂ ತಗೊಂಡವರಲ್ಲೇ ಶುಗರ್ ಹೆಚ್ಚು ಬಂದಿತ್ತು. ಅದರಲ್ಲೂ ರಕ್ತದಲ್ಲಿ ಮೊದಲೇ ಸೆಲೆನಿಯಂ ಚೆನ್ನಾಗಿದ್ದವರಲ್ಲಿ. ನಾನು ಅಪ್ಪನಿಗೆ ಕೊಟ್ಟಿದ್ದೂ ಅದೇ 200.

ಈಗ ಹೊಲಕ್ಕೆ ಬರೋಣ. ಬೆಳೆ ಬೆಳೆಯೋಕೆ ಸತು, ಬೋರಾನ್ ಬೇಕು. ಸೆಲೆನಿಯಂ ಬೇಕೇ ಬೇಕು ಅಂತೇನಿಲ್ಲ. ಗಂಧಕದ ಜೊತೆ ಹೋಲಿಕೆ ಇರೋದ್ರಿಂದ ಬೇರು ಅದೇ ದಾರೀಲಿ ಒಳಗೆ ಎಳೆದುಕೊಳ್ಳುತ್ತೆ. ಕಾಳಿನಲ್ಲಿ ಸೆಲೆನಿಯಂ ಹೆಚ್ಚಿಸೋ ಪ್ರಯೋಗಗಳಲ್ಲಿ ಹಾಕಿದ್ದು ಹೆಕ್ಟೇರಿಗೆ 10 ಗ್ರಾಂ ಆಸುಪಾಸು. ನಾವು ಬಾಟಲಿ ಮುಚ್ಚಳದಲ್ಲಿ ಅಳೆಯೋರು! ಸೆಲೆನಿಯಂ ಲವಣ ವಿಷ, ಹೊಡೆಯೋನಿಗೂ ಅಪಾಯ.

"ಫಿನ್‌ಲ್ಯಾಂಡ್‌ನಲ್ಲಿ ಗೊಬ್ಬರಕ್ಕೇ ಹಾಕ್ತಾರಲ್ಲ?" ಅಂತ ಕೇಳಬಹುದು. ನಿಜ, 1984ರಿಂದ ಹಾಕ್ತಿದ್ದಾರೆ. ಅಲ್ಲಿ ಕೊರತೆ ಇದೆ ಅಂತ ಮೊದಲು ಅಳೆದ್ರು. ಗೊಬ್ಬರ ತಯಾರಾಗೋ ಕಡೆಯಲ್ಲೇ ಬೆರೆಸಿದ್ರು. ಬೆಳೆ, ಹಾಲು, ಜನರ ರಕ್ತ ಪರೀಕ್ಷೆ ಮಾಡ್ತಾ, ಹೆಚ್ಚಾಯ್ತು ಅನ್ನಿಸಿದಾಗ 1990ರಲ್ಲಿ ಪ್ರಮಾಣ ಇಳಿಸಿದ್ರು. ಹಾಗೆ ಅಳೆದು ಮಾಡೋದಾದ್ರೆ ನನ್ನ ತಕರಾರಿಲ್ಲ. ಅಳೆಯದೆ ಊರೂರಲ್ಲಿ ಬಾಟಲಿ ಮಾರೋದಕ್ಕೆ ಮಾತ್ರ ನನ್ನ ವಿರೋಧ.

ಮಾರೋಕೆ ಬಂದವರನ್ನ ಮೂರು ಪ್ರಶ್ನೆ ಕೇಳಿ. ನಮ್ಮ ಮಣ್ಣಿನ ಸೆಲೆನಿಯಂ ಪರೀಕ್ಷೆ ಎಲ್ಲಿ? ಹೊಡೆದ ಮೇಲೆ ಕಾಳಿನ ಲ್ಯಾಬ್ ರಿಪೋರ್ಟ್ ಯಾರು ಕೊಡ್ತಾರೆ? ಕಾಯಿಲೆ ತಡೆಯುತ್ತೆ ಅಂತ ಲೇಬಲ್ ಹಾಕಿ ಸಿಕ್ಕಿಬಿದ್ರೆ ಹೊಣೆ ಯಾರದ್ದು? ಆಹಾರ ಸುರಕ್ಷತಾ ನಿಯಮ ಅಂಥ ಲೇಬಲ್‌ಗೆ ಬಿಡಲ್ಲ. ದಂಡ ಬೀಳೋದು ರೈತನ ಹೆಸರಿಗೆ.

ಮನೆ ಊಟದ ವಿಷಯಕ್ಕೆ ಬಂದ್ರೆ ಮೊಟ್ಟೆ, ಮೀನು, ಬೇಳೆ, ಕಾಳು, ಬೇರೆ ಬೇರೆ ಧಾನ್ಯ ತಿನ್ನಿ. ಥೈರಾಯ್ಡ್, ಶುಗರ್ ಇದ್ದವರು ಡಾಕ್ಟ್ರನ್ನ ಕೇಳದೆ ಮಾತ್ರೆ ಮುಟ್ಟಬೇಡಿ. ಅಪ್ಪ ಈಗ ಮುದ್ದೆ, ಸೊಪ್ಪಿನ ಸಾರು, ದಿನಕ್ಕೊಂದು ಮೊಟ್ಟೆ ತಿಂದು ಸಂಜೆ ಕೆರೆ ಏರಿ ಮೇಲೆ ನಡೀತಾರೆ. ಆ ಮಾತ್ರೆ ಡಬ್ಬಿಯನ್ನ ನಾನಿನ್ನೂ ಎಸೆದಿಲ್ಲ. ಮುಂದಿನ ವಿಡಿಯೋ ನೋಡಿ ಏನಾದ್ರೂ ಆರ್ಡರ್ ಮಾಡೋ ಮುಂಚೆ ಕಣ್ಣಿಗೆ ಬೀಳಲಿ ಅಂತ ಮೇಜಿನ ಮೇಲೇ ಇಟ್ಟಿದ್ದೀನಿ.