ಚಿಕಿತ್ಸೆಗಾಗಿ ಮಾನವ ಭ್ರೂಣದ ಕ್ಲೋನಿಂಗ್: ಬೇಕೆ, ಬೇಡವೆ?

ಪರ: ಜೀವಶಾಸ್ತ್ರದ ಅಧ್ಯಾಪಕ

ಮಗು ಹುಟ್ಟಿಸುವ ಕ್ಲೋನಿಂಗ್ ಬೇರೆ, ಚಿಕಿತ್ಸೆಗಾಗಿ ಮಾಡುವುದು ಬೇರೆ. ಮೊದಲನೆಯದನ್ನು ನಮ್ಮ ದೇಶದ 2017ರ ಆಕರಕೋಶ (ಸ್ಟೆಮ್ ಸೆಲ್) ಸಂಶೋಧನಾ ಮಾರ್ಗಸೂಚಿ ನಿಷೇಧಿಸಿದೆ, ಅದು ಸರಿ. ಎರಡನೆಯದರಲ್ಲಿ ಭ್ರೂಣಕ್ಕೆ ಐದಾರು ದಿನ, ಕಣ್ಣಿಗೆ ಕಾಣುವುದೇ ಕಷ್ಟ. ಅಂಡಾಣುವಿನಲ್ಲಿ ರೋಗಿಯದೇ ಜೀವಕೋಶದ ನ್ಯೂಕ್ಲಿಯಸ್ ಇಟ್ಟು ಬೆಳೆಸಿದ ಆಕರಕೋಶವನ್ನು ಅವನ ದೇಹ ತಿರಸ್ಕರಿಸುವ ಸಂಭವ ಕಡಿಮೆ. ಮಧುಮೇಹ, ಪಾರ್ಕಿನ್ಸನ್ ರೋಗಿಗಳು ಕಾಯುತ್ತಿದ್ದಾರೆ. 2013ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮಿತಾಲಿಪೊವ್ ತಂಡ ಇಂಥ ಕೋಶಗಳನ್ನು ಪಡೆದು ತೋರಿಸಿತು. ಭ್ರೂಣದ ಆಕರಕೋಶ ಬೆಂಗಳೂರಿಗೂ ಹೊಸತಲ್ಲ. 2001ರಲ್ಲಿ ಅಮೆರಿಕ ಸರ್ಕಾರ ಮಾಡಿದ ಇಂಥ ಕೋಶತಳಿಗಳ ಪಟ್ಟಿಯಲ್ಲೇ ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಮೂರು ಕೋಶತಳಿಗಳಿದ್ದವು. ಜಪಾನಿನ ಯಮನಾಕ ಚರ್ಮದ ಕೋಶವನ್ನೇ ಆಕರಕೋಶವಾಗಿಸಿದ ಮೇಲೆ ಬಹಳಷ್ಟು ಕೆಲಸ ಅದರಲ್ಲೇ ನಡೆಯುತ್ತಿದೆ, ನಿಜ. ಆದರೂ ಇನ್ನೊಂದು ದಾರಿ ತೆರೆದಿರಲಿ.

ವಿರೋಧ: ಐವಿಎಫ್ ಕೇಂದ್ರದಲ್ಲಿ ದುಡಿದ ನಿವೃತ್ತ ನರ್ಸ್

ಭ್ರೂಣಕ್ಕೆ ಆತ್ಮವಿದೆಯೇ ಎಂಬ ಜಗಳ ತಿಳಿದವರಿಗಿರಲಿ. ನಾನು ಕೇಳುವುದು ಒಂದೇ: ಅಂಡಾಣು ಎಲ್ಲಿಂದ ತರುತ್ತೀರಿ?

ಹತ್ತು ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್. ಆಮೇಲೆ ಅರಿವಳಿಕೆ ಕೊಟ್ಟು ಅಂಡಾಶಯಕ್ಕೆ ಉದ್ದನೆಯ ಸೂಜಿ. ಹೀಗೆ ಕೊಟ್ಟು ಹೋದ ಒಬ್ಬಳು ಮೂರನೇ ದಿನ ವಾಪಸ್ ಬಂದಳು. ಸೀರೆಯ ನೆರಿಗೆ ಸಿಕ್ಕಿಸಲಾಗದಷ್ಟು ಹೊಟ್ಟೆ ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯಿಡೀ ಕೂತೇ ಇದ್ದಳು. "ಸಿಸ್ಟರ್, ಊರಲ್ಲಿ ಯಾರಿಗೂ ಗೊತ್ತಾಗೋದು ಬೇಡ" ಅಂದಳು. ಸಾಲ ತೀರಿಸಲು ಬಂದವಳು. ಫಾರ್ಮಿನಲ್ಲಿ 'ದಾನ' ಎಂದು ಬರೆದವಳು ನಾನೇ.

ಕ್ಲೋನ್ ಮಾಡಿದ ಡಾಲಿ ಎಂಬ ಒಂದು ಕುರಿಗೆ ಕನಿಷ್ಠ 277 ಅಂಡಾಣು ಖರ್ಚಾಗಿತ್ತು. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಹೆಂಗಸರ ಎರಡು ಸಾವಿರಕ್ಕೂ ಹೆಚ್ಚು ಅಂಡಾಣು ಬಳಸಿದರು, ತಮ್ಮ ಲ್ಯಾಬಿನ ಕಿರಿಯ ಸಂಶೋಧಕಿಯರದ್ದೂ ಸೇರಿ. ಕೊನೆಗೆ ಕ್ಲೋನ್ ಆದ ಕೋಶತಳಿ ಒಂದೂ ಇರಲಿಲ್ಲ. 2006ರಲ್ಲಿ 'ಸೈನ್ಸ್' ಪತ್ರಿಕೆ, ಕ್ಲೋನ್ ಕೋಶ ಪಡೆದೆವೆಂದ ಅವರ ಎರಡೂ ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಪ್ರಬಂಧ ಹಿಂದಕ್ಕೆ ಬಂತು, ಅಂಡಾಣು ಬರಲಿಲ್ಲ.

ನಮ್ಮ 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯಂತೆ ಹೆಣ್ಣು ಜೀವಮಾನದಲ್ಲಿ ಒಮ್ಮೆ ಮಾತ್ರ ಅಂಡಾಣು ಕೊಡಬಹುದು, ಏಳಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಆ ಎರಡು ಸಾವಿರಕ್ಕೆ ಇಲ್ಲಿ ಮುನ್ನೂರರ ಹತ್ತಿರ ಹೆಣ್ಣುಮಕ್ಕಳು ಬೇಕು. ಬರುವವರು ಯಾವ ಮನೆಯವರು ಎಂದು ನನಗೆ ಗೊತ್ತು.

ರೋಗಿಗಳ ಸಂಕಟ ನೆನಪಿಸುತ್ತಾರೆ. ಆ ಸಂಕಟವನ್ನು ಇನ್ನೊಬ್ಬಳ ಹೊಟ್ಟೆಗೆ ದಾಟಿಸುವುದು ವೈದ್ಯವಲ್ಲ. ಐವಿಎಫ್ ಚಿಕಿತ್ಸೆ ಮುಗಿದು ಉಳಿದ, ದಂಪತಿ ಬೇಡವೆಂದ ಭ್ರೂಣಗಳನ್ನು ಸಂಶೋಧನೆಗೆ ತೆಗೆದುಕೊಳ್ಳಿ, ತಕರಾರಿಲ್ಲ, ಹೇಗೂ ಎಸೆಯುವಂಥವು. ಕೋಶ ತೆಗೆಯಲು ಭ್ರೂಣ ಒಡೆಯುವುದಕ್ಕೆ ನಾನೇ ಒಪ್ಪಿದಂತಾಯಿತು, ಆಗಲಿ. ಆದರೆ ಕ್ಲೋನಿಂಗಿಗೆಂದು ಯಾವ ಹೆಣ್ಣಿಗೂ ಸೂಜಿ ಚುಚ್ಚಬೇಡಿ.