ಕಾಲುವೆ ಕಾಣದ ಮಾಡೆಲ್

ಹವಾಮಾನ ಮುನ್ಸೂಚನೆಗೆ ಯಾವ ಭೂಮೇಲ್ಮೈ ಮಾಡೆಲ್ ಒಳ್ಳೇದು? ನೋವಾ, ಸಿಎಲ್‌ಎಂ ಎರಡನ್ನೂ ರನ್ ಮಾಡಿ, ಜಿಲ್ಲೆಯ ಸರಾಸರಿ ಎರರ್ ನೋಡಿ ಪ್ರಾಜೆಕ್ಟ್ ಮುಗಿಸ್ತೀವಿ. ನಾವು ಎಡವೋದು ಅಲ್ಲೇ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರು ನಿಂತ ಭತ್ತದ ಗದ್ದೆಯಲ್ಲಿ ಬಿಸಿಲಿನ ದೊಡ್ಡ ಪಾಲು ನೀರನ್ನು ಆವಿ ಮಾಡೋಕೆ ಹೋಗುತ್ತೆ; ರಾಯಚೂರಿನ ಕಾಂಕ್ರೀಟ್ ಮೇಲೆ ಗಾಳಿ ಕಾಯಿಸೋಕೆ. ನೀರಾವರಿ ಆಪ್ಷನ್ ಆನ್ ಮಾಡದಿದ್ರೆ ಮಾಡೆಲ್‌ಗೆ ಕಾಲುವೆಯೇ ಗೊತ್ತಿಲ್ಲ, ಮಳೆಯಷ್ಟೇ ಗೊತ್ತು. ದೇವದುರ್ಗದ ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮೊದಲ ಮಳೆ ಅದರಲ್ಲೇ ಇಳಿಯುತ್ತೆ. ಆ ಬಿರುಕು ಎರಡರ ಸಾಮಾನ್ಯ ಲೆಕ್ಕದಲ್ಲೂ ಇಲ್ಲ. ಸರಾಸರಿಯಲ್ಲಿ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಬಹುದು. ಗದ್ದೆಯಲ್ಲಿ ಕಳೆ ತೆಗೆಯೋ ಹೆಂಗಸರಿಗೆ ಜಿಲ್ಲೆಯ ಸರಾಸರಿ ಬಿಸಿಲು ಕಟ್ಟಿಕೊಂಡು ಏನಾಗ್ಬೇಕು? ಮೂರೂ ಕಡೆಯ ಎರರ್ ಬೇರೆ ಬೇರೆ ಬರೆಯೋಣ. ರಜೆಗೆ ದೇವದುರ್ಗಕ್ಕೆ ಹೋಗೋರು ಮಣ್ಣಿನ ತೇವ ಅಳೆಯೋ ಸೆನ್ಸರ್ ಒಂದನ್ನ ಬ್ಯಾಗಲ್ಲಿ ಇಟ್ಕೊಳ್ಳಿ.