ಉತ್ತರಾಯಣವೂ ಮೂರು ಊರುಗಳ ನೆರಳೂ

ಜನವರಿ 14 ಅಥವಾ 15ರಂದು ಮೈಗೆ ಎಳ್ಳು ಹಚ್ಚಿಕೊಂಡು, ಕೃಷ್ಣೆಯಲ್ಲಿಯೋ ತುಂಗಭದ್ರೆಯಲ್ಲಿಯೋ ಮಿಂದು, ಉತ್ತರಾಯಣ ಪುಣ್ಯಕಾಲವು ಬಂದಿತೆಂದು ಕೈಮುಗಿಯುವ ರಾಯಚೂರು ಸೀಮೆಯ ಜನರಲ್ಲಿ, ಸೂರ್ಯನು ಅದಕ್ಕೆ ಮೂರು ವಾರಗಳಿಗೂ ಮೊದಲೇ, ಡಿಸೆಂಬರ್ 21 ಅಥವಾ 22ರಂದೇ, ತನ್ನ ತೆಂಕಣ ಮೇರೆಯನ್ನು ಮುಟ್ಟಿ ಬಡಗಣಕ್ಕೆ ಹೊರಳಿರುತ್ತಾನೆಂಬುದನ್ನು ನೆನೆಯುವವರು ವಿರಳ. ಸುಮಾರು 1700 ವರ್ಷಗಳ ಹಿಂದೆ ಅಯನಾರಂಭವೂ ಮಕರಪ್ರವೇಶವೂ ಒಂದೇ ದಿನ ಕೂಡುತ್ತಿದ್ದುವು. ಭೂಮಿಯ ಅಕ್ಷವು ಅತಿ ಮಂದವಾಗಿ ಸುತ್ತುವುದರಿಂದ, 72 ವರ್ಷಗಳಿಗೊಂದು ಅಂಶದಂತೆ ಅವೆರಡೂ ಅಗಲುತ್ತ ಬಂದು, ಉತ್ತರಾಯಣವೆಂಬ ಹೆಸರು ಮಾತ್ರ ಸಂಕ್ರಾಂತಿಯಲ್ಲಿಯೇ ನಿಂತಿತು.

ಪೂರ್ವಿಕರು ಇದನ್ನರಿಯದವರಲ್ಲ. ಹಳೆಯ ಶಾಸ್ತ್ರಗಳು ಉತ್ತರಾಯಣವನ್ನು ಧನಿಷ್ಠೆಯ ಆದಿಯಲ್ಲಿ ಹೇಳಿದ್ದರೂ ತನ್ನ ಕಾಲದಲ್ಲಿ ಅದು ಮಕರಾದಿಯಲ್ಲಿದೆಯೆಂದು ಬೃಹತ್ಸಂಹಿತೆಯಲ್ಲಿ ಸ್ಪಷ್ಟವಾಗಿ ನುಡಿದ ವರಾಹಮಿಹಿರನು, ಗ್ರಂಥವನ್ನು ನೆಚ್ಚಿ ಕುಳಿತಿರದೆ, ದೊಡ್ಡ ಮಂಡಲವೊಂದನ್ನು ಬರೆದು ನೆರಳಿನ ಗುರುತುಗಳಿಂದ ಪ್ರತ್ಯಕ್ಷವಾಗಿ ಪರೀಕ್ಷಿಸುವ ಬಗೆಯನ್ನೂ ತಿಳಿಸಿದನು. ಮೇಘನಾದ ಸಹಾ ಅವರ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷದ ಮೊದಲ ದಿನ ಡಿಸೆಂಬರ್ 22; ಆದರೆ ಅದು ಸರ್ಕಾರಿ ಕಾಗದಗಳಿಂದ ಮನೆಯಂಗಳಕ್ಕೆ ಇಳಿಯಲೇ ಇಲ್ಲ.

ಹಬ್ಬದ ದಿನವನ್ನು ಕದಲಿಸಬೇಕೆಂಬುದು ನನ್ನ ವಾದವಲ್ಲ. ಎಳ್ಳಮಾವಾಸ್ಯೆಗೆ ಜೋಳದ ಹೊಲದಲ್ಲಿ ಚರಗ ಚೆಲ್ಲುವ ಒಕ್ಕಲಿಗನಿಗೆ ಚಂದ್ರನ ಲೆಕ್ಕವಿರುವಂತೆ ಸಂಕ್ರಾಂತಿಗೆ ರಾಶಿಯ ಲೆಕ್ಕವಿದೆ. ಅವು ಇದ್ದಂತೆಯೇ ಇರಲಿ. ನಾನು ಕೇಳುವುದು, ಇವುಗಳ ಜೊತೆಗೆ ಸೂರ್ಯನು ಹೊರಳುವ ದಿನವನ್ನೂ ನಮ್ಮ ಮಕ್ಕಳು ಕಣ್ಣಾರೆ ಕಾಣಬೇಕೆಂಬುದಷ್ಟೆ. ಅದಕ್ಕೆ ಈ ಜಿಲ್ಲೆಗಿಂತ ಅನುಕೂಲವಾದ ನೆಲ ಯಾವುದು? ಡಿಸೆಂಬರಿನ ಆ ನಡುಹಗಲು ರಾಯಚೂರಿನಲ್ಲಿ ಮೂರು ಮೀಟರಿನ ಗಳುವೊಂದು ಬಡಗಣಕ್ಕೆ ಸುಮಾರು ಎರಡೂವರೆ ಮೀಟರು ನೆರಳನ್ನು ಚಾಚುತ್ತದೆ. ಅದೇ ಗಳುವಿನ ನೆರಳು ಜೂನ್ 21ರಂದು ಒಂದೂವರೆ ಗೇಣಿಗಿಂತ ತುಸುವೇ ಮಿಗಿಲಾಗಿ, ತೆಂಕಣಕ್ಕೆ ಬೀಳುತ್ತದೆ. ಇನ್ನೂ ಸೊಗಸಾದ ಸಂಗತಿಯೆಂದರೆ, ಡಿಸೆಂಬರಿನ ಆ ದಿನ ಉತ್ತರದ ದೇವದುರ್ಗದ ನೆರಳು ದಕ್ಷಿಣದ ಮಾನ್ವಿಯದಕ್ಕಿಂತ ನಾಲ್ಕು ಸೆಂಟಿಮೀಟರಿನಷ್ಟು ಉದ್ದ. ರಾಯಚೂರಿನದು ಇವೆರಡರ ನಡುವೆ. ಈ ಅಂತರವನ್ನೂ ಊರುಗಳ ಉತ್ತರ-ದಕ್ಷಿಣ ದೂರವನ್ನೂ ಹಿಡಿದು, ಎರಟೊಸ್ಥೆನೀಸನು ಈಜಿಪ್ಟಿನಲ್ಲಿ ಮಾಡಿದಂತೆ, ಭೂಮಿಯ ಸುತ್ತಳತೆಯನ್ನೇ ಗಣಿಸಬಹುದು.

ಆದುದರಿಂದ ಮೂರೂ ಊರುಗಳ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿದು: ಈ ಡಿಸೆಂಬರ್ 21ರಂದು ಶಾಲೆಯ ಅಂಗಳದಲ್ಲಿ ಗಳುವೊಂದನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡರಿಂದ ಹನ್ನೆರಡೂವರೆಯವರೆಗೆ ಮಕ್ಕಳಿಂದ ನೆರಳನ್ನು ಅಳೆಸಿರಿ, ಸುಮಾರು 12 ಗಂಟೆ 20 ನಿಮಿಷಕ್ಕೆ ಅದು ಆ ದಿನದ ಅತ್ಯಂತ ಮೊಟಕಾದ ಅಳತೆಗೆ ಬರುತ್ತದೆ. ಆ ಅಂಕಿಯನ್ನು ಬರೆದಿಟ್ಟು ಉಳಿದೆರಡು ಊರುಗಳಿಗೆ ಕಳುಹಿಸಿರಿ.